ಗೇಟಿನ ಬಳಿ ಕಾಯುವ ಮಗು

ಕಳೆದ ವರ್ಷ ಜೂನ್ ನಡುವಿನಲ್ಲಿ, ಮುಂಬೈ ಬಳಿಯ ಡೊಂಬಿವಲಿಯ ರಸ್ತೆಗಳೆಲ್ಲ ಮೊದಲ ಮಳೆಗೆ ಕೆಸರಾಗಿದ್ದಾಗ, ನಾನು ಹೈಸ್ಕೂಲಿಗೆ ಸೇರಿದೆ. ಏಳನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು ಎಂಟನೆಯ ತರಗತಿಗೆ ಸೆಮಿ-ಇಂಗ್ಲಿಷ್ ಶಾಲೆಗೆ ಬಂದಿದ್ದೆ. ಗಣಿತ, ವಿಜ್ಞಾನ ಇಂಗ್ಲಿಷಿನಲ್ಲಿ, ಉಳಿದ ಮಾತುಕತೆಯೆಲ್ಲ ಮರಾಠಿಯಲ್ಲಿ ನಡೆಯುತ್ತಿದ್ದುದರಿಂದ ಮೊದಲ ತಿಂಗಳು ನಾನು ಬಾಯಿ ತೆರೆದದ್ದು ಹಾಜರಿ ಹೇಳಲು ಮಾತ್ರ. ಇಂಗ್ಲಿಷ್ ಕಿವಿಗೆ ಬೀಳಲಿ ಎಂದು, ಕಾನೂನು ಓದುತ್ತಿರುವ ಅಕ್ಕ ತನ್ನ ಫೋನಿನಲ್ಲಿ ‘ಸೀರಿಯಲ್’ ಎಂಬ ಪಾಡ್‌ಕಾಸ್ಟ್ ಹಾಕಿದಳು. ಚಿಕ್ಕವರಿಗೆ ಕೊಲೆಯ ಕಥೆ ಏಕೆ ಎಂದು ಬೇಸರಪಟ್ಟ ಅಮ್ಮನೂ ಚಪಾತಿ ಲಟ್ಟಿಸುತ್ತ ಕೇಳತೊಡಗಿದಳು. ಅಕ್ಕ ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದಳು.

2014ರ ಅಕ್ಟೋಬರ್‌ನಲ್ಲಿ ಆರಂಭವಾದ ಅದರ ಮೊದಲ ಸರಣಿಯನ್ನು ಪತ್ರಕರ್ತೆ ಸಾರಾ ಕೇನಿಗ್ 12 ಕಂತುಗಳಲ್ಲಿ ನಿರೂಪಿಸಿದ್ದಾರೆ. ಅಮೆರಿಕದ ಬಾಲ್ಟಿಮೋರ್ ಬಳಿಯ ವುಡ್‌ಲಾನ್ ಹೈಸ್ಕೂಲಿನ ವಿದ್ಯಾರ್ಥಿನಿ ಹೇ ಮಿನ್ ಲೀ 1999ರ ಜನವರಿ 13ರಂದು ಶಾಲೆ ಬಿಟ್ಟ ಮೇಲೆ ಕಾಣೆಯಾದಳು. ಫೆಬ್ರವರಿ 9ರಂದು ಅವಳ ಶವ ಲೀಕಿನ್ ಪಾರ್ಕ್‌ನಲ್ಲಿ ಸಿಕ್ಕಿತು. ಅವಳ ಹಿಂದಿನ ಗೆಳೆಯ, ಅದೇ ಶಾಲೆಯ 17 ವರ್ಷದ ಅದ್ನಾನ್ ಸೈಯದ್‌ನನ್ನು ಪೊಲೀಸರು ಬಂಧಿಸಿದರು; 2000ದಲ್ಲಿ ನ್ಯಾಯಾಲಯ ಅವನಿಗೆ ಜೀವಾವಧಿಯ ಜೊತೆಗೆ ಇನ್ನೂ 30 ವರ್ಷಗಳ ಶಿಕ್ಷೆ ವಿಧಿಸಿತು. ತಾನು ಕೊಂದಿಲ್ಲ ಎಂಬ ಮಾತನ್ನು ಅವನು ಎಂದೂ ಬಿಟ್ಟಿಲ್ಲ.

ಆರು ವಾರಗಳ ಹಿಂದಿನ ಒಂದು ಸಾಮಾನ್ಯ ದಿನ ನೀವು ಎಲ್ಲಿದ್ದಿರಿ, ಏನು ಮಾಡಿದಿರಿ ಎಂಬ ಪ್ರಶ್ನೆಯಿಂದಲೇ ಮೊದಲ ಕಂತು ತೊಡಗುತ್ತದೆ. ಈ ಪ್ರಶ್ನೆಯ ಭಾರ ನನಗೆ ಬೇಗ ತಿಳಿಯಿತು. ಜುಲೈನಲ್ಲಿ ನಮ್ಮ ತರಗತಿಯ ಒಬ್ಬಳ ಕಂಪಾಸ್ ಪೆಟ್ಟಿಗೆ ಕಳೆದುಹೋದಾಗ, ಹಿಂದಿನ ಗುರುವಾರ ಚಿತ್ರಕಲೆಯ ಪಿರಿಯಡ್‌ನಲ್ಲಿ ಎಲ್ಲಿ ಹೋಗಿದ್ದೆ ಎಂದು ನನ್ನನ್ನು ಎಲ್ಲರೆದುರು ನಿಲ್ಲಿಸಿ ಕೇಳಲಾಯಿತು. ನನಗೆ ನೆನಪಿರಲಿಲ್ಲ, ನೆನಪಿದ್ದರೂ ಮರಾಠಿಯಲ್ಲಿ ಹೇಳಲು ಬರುತ್ತಿರಲಿಲ್ಲ. ಪೆಟ್ಟಿಗೆ ಎರಡು ದಿನಗಳ ಮೇಲೆ ಬೇರೆ ಬೆಂಚಿನ ಕೆಳಗೆ ಸಿಕ್ಕಿತು, ಆದರೆ ಆ ಎರಡು ದಿನ ಯಾರೂ ನನ್ನ ಪಕ್ಕದಲ್ಲಿ ಕೂತು ಡಬ್ಬಿ ತೆರೆಯಲಿಲ್ಲ. ಅಂದಿನಿಂದ ಪ್ರತಿ ರಾತ್ರಿ ದಿನಚರಿಯಲ್ಲಿ ನಾನು ಹೋದ ಸ್ಥಳ, ಹೊತ್ತು ಎಲ್ಲವನ್ನೂ ಬರೆದಿಡುತ್ತೇನೆ.

ಹೀಗಾಗಿ ಬಹಳ ದಿನ ನಾನು ಅದ್ನಾನ್‌ನ ಬಗ್ಗೆಯೇ ಯೋಚಿಸುತ್ತಿದ್ದೆ. ಅಕ್ಕನಿಗೂ ಅದೇ ಗುಂಗು. 2022ರಲ್ಲಿ ಅಪರಾಧದ ತೀರ್ಪು ರದ್ದಾಗಿ ಅವನು ಹೊರಬಂದದ್ದು, ಹೇಯ ಅಣ್ಣತಮ್ಮಂದಿರಲ್ಲೊಬ್ಬನ ಮೇಲ್ಮನವಿಯಿಂದ 2023ರಲ್ಲಿ ಅದೇ ತೀರ್ಪು ಮತ್ತೆ ಊರ್ಜಿತವಾದದ್ದು, ಕೊನೆಗೆ 2025ರ ಮಾರ್ಚ್‌ನಲ್ಲಿ ಈಗಾಗಲೇ ಕಳೆದ ಸೆರೆವಾಸವೇ ಸಾಕೆಂದು ನ್ಯಾಯಾಧೀಶರು ಹೇಳಿದರೂ ಅಪರಾಧದ ತೀರ್ಪು ಹಾಗೆಯೇ ಉಳಿದದ್ದು, ಇವನ್ನೆಲ್ಲ ಅವಳು ಊಟದ ಹೊತ್ತಿನಲ್ಲಿ ನಮಗೆ ವಿವರಿಸಿದ್ದಾಳೆ.

ಆದರೆ ಎರಡನೆಯ ಸಲ ಕೇಳುವಾಗ ನನ್ನ ಮನಸ್ಸು ಬೇರೆಲ್ಲೋ ನಿಂತಿತು. ಮಧ್ಯಾಹ್ನ 2:15ಕ್ಕೆ ಶಾಲೆ ಬಿಟ್ಟು 2:36ರೊಳಗೆ ಕೊಲೆ ನಡೆಯಿತು ಎಂಬುದು ಸರ್ಕಾರಿ ವಕೀಲರ ವಾದವಾಗಿತ್ತು. ಆ 21 ನಿಮಿಷಗಳಲ್ಲಿ ಅದು ಸಾಧ್ಯವೇ ಎಂದು ಸಾರಾ ಕಾರು ಓಡಿಸಿ ಅಳೆದು ನೋಡುತ್ತಾರೆ. ಆ ಹೊತ್ತಿಗೆ ಹೇ ಹೊರಟಿದ್ದು ಎಲ್ಲಿಗೆ? ತನ್ನ ಮನೆತನದ ಪುಟ್ಟ ಮಗುವೊಂದನ್ನು ಶಾಲೆಯಿಂದ ಕರೆತರಲು. ಅಮೆರಿಕದವರು ಕಸಿನ್ ಎಂದು ಒಂದೇ ಮಾತಿನಲ್ಲಿ ಮುಗಿಸುವ ಅಂಥ ಮಗುವನ್ನು ನಾವು ತಮ್ಮ, ತಂಗಿ ಎಂದೇ ಕರೆಯುತ್ತೇವೆ. ಅವಳು ಬಾರದೇ ಇದ್ದುದರಿಂದಲೇ ಮನೆಯವರಿಗೆ ಮೊದಲು ಗಾಬರಿಯಾದದ್ದು.

ನಾನೂ ದಿನಾ ಶಾಲೆ ಬಿಟ್ಟ ಮೇಲೆ ಚಿಕ್ಕಮ್ಮನ ಮಗನನ್ನು ಕರೆತರುತ್ತೇನೆ. ಅವನಿನ್ನೂ ಒಂದನೆಯ ತರಗತಿ. ಹೇಯ ದಿನಚರಿಯನ್ನು ನ್ಯಾಯಾಲಯದಲ್ಲಿ ಓದಿದರು, ಪಾಡ್‌ಕಾಸ್ಟಿನಲ್ಲೂ ಓದಿದರು. ಅವಳ ಕುಟುಂಬದವರ ದನಿ ಮಾತ್ರ ಆ 12 ಕಂತುಗಳಲ್ಲಿ ಎಲ್ಲಿಯೂ ಇಲ್ಲ. ಕೊಂದವರು ಯಾರು ಎಂದು ಲೋಕವೆಲ್ಲ ವಾದಿಸುತ್ತಿರುವಾಗ ಆ ಮಗುವಿಗೆ ಮನೆಯಲ್ಲಿ ಯಾರು, ಯಾವ ಮಾತಿನಲ್ಲಿ ಏನು ಹೇಳಿರಬಹುದು ಎಂಬುದೇ ನನ್ನನ್ನು ಕಾಡುತ್ತದೆ. ಸತ್ತ ಹುಡುಗಿಯ ಕಥೆಯಲ್ಲಿ ಅವಳಿಗೇ ಜಾಗ ಕಡಿಮೆಯಾದದ್ದು ಸರಿಯಲ್ಲ ಎಂದು ನಾನು ದೃಢವಾಗಿ ನಂಬುತ್ತೇನೆ.

ಕಳೆದ ವಾರ ಮಳೆಗೆ ರಸ್ತೆಯಲ್ಲಿ ನೀರು ನಿಂತು ನಾನು ತಲುಪುವುದು ಇಪ್ಪತ್ತು ನಿಮಿಷ ತಡವಾಯಿತು. ಗೇಟಿನ ಒಳಗೆ ವಾಚ್‌ಮನ್‌ನ ಸ್ಟೂಲಿನ ಪಕ್ಕ, ನೀರಿನ ಬಾಟಲಿಯ ಪಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ದಾರಿಯನ್ನೇ ನೋಡುತ್ತ ಅವನೊಬ್ಬನೇ ನಿಂತಿದ್ದ. ಅತ್ತಿರಲಿಲ್ಲ.

“ಎಲ್ಲಿ ಹೋಗಿದ್ದೆ ಅಕ್ಕಾ?” ಎಂದ.

ಹೊರಟ ಹೊತ್ತು, ನೀರು ನಿಂತ ತಿರುವು, ರಿಕ್ಷಾದವನು ಅರ್ಧ ದಾರಿಯಲ್ಲಿ ಇಳಿಸಿದ್ದು, ಎಲ್ಲವನ್ನೂ ಒಂದೂ ಬಿಡದೆ ಅವನಿಗೆ ಹೇಳಿದೆ. ರಾತ್ರಿ ದಿನಚರಿಯಲ್ಲಿಯೂ ಹಾಗೆಯೇ ಬರೆದೆ.