ಮೋಟಾರ್ ಇದ್ದರೂ ಕಾಲಿಗೆ ಕೆಲಸ ಇದೆ

ಎಲೆಕ್ಟ್ರಿಕ್ ಸೈಕಲ್ ಅಂದ ಕೂಡಲೇ "ಮೋಟಾರೇ ಓಡಿಸುತ್ತಲ್ಲ, ಮೈ ಎಲ್ಲಿ ದಣಿಯುತ್ತೆ?" ಅಂತ ಕೇಳುವವರೇ ಜಾಸ್ತಿ. ಆದರೆ ಪೆಡಲ್ ಅಸಿಸ್ಟ್ ಸೈಕಲ್‌ನಲ್ಲಿ, ಅಂದರೆ ತುಳಿದಾಗ ಮಾತ್ರ ಮೋಟಾರ್ ನೆರವಾಗುವ ಸೈಕಲ್‌ನಲ್ಲಿ, ಕಾಲು ನಿಂತರೆ ಮೋಟಾರೂ ನಿಲ್ಲುತ್ತದೆ. ತುಳಿತದ ಬಲ ಅಳೆಯುವ ಟಾರ್ಕ್ ಸೆನ್ಸರ್ ಇದ್ದರಂತೂ ನಾವು ಎಷ್ಟು ಜೋರಾಗಿ ತುಳಿಯುತ್ತೇವೋ ಅದಕ್ಕೆ ತಕ್ಕಷ್ಟೇ ಮೋಟಾರೂ ಕೈ ಜೋಡಿಸುತ್ತದೆ. ಏರು ಹತ್ತುವಾಗ ಏದುಸಿರು ಬರುವುದಿಲ್ಲ, ಆದರೆ ಎದೆಬಡಿತ ಖಂಡಿತ ಏರುತ್ತದೆ. ನನಗೆ ಬೇಕಿದ್ದದ್ದೂ ಅಷ್ಟೇ. ಬೆಳಿಗ್ಗೆ ಮೋಟಾರಿನ ಅಸಿಸ್ಟ್ ಜಾಸ್ತಿ ಇಡುತ್ತೇನೆ, ಬೆವರದೆ ಆಫೀಸು ತಲುಪಬೇಕಲ್ವಾ. ಸಂಜೆ ಅದನ್ನು ಇಳಿಸಿ ಮನಸಾರೆ ತುಳಿಯುತ್ತೇನೆ.

ಇವತ್ತು ಎದುರುಗಾಳಿಯಲ್ಲಿ ಬರುವಾಗ ಅನ್ನಿಸಿತು. ವ್ಯಾಯಾಮಕ್ಕೆ ಅಂತ ಬೇರೆ ಸಮಯ ಎತ್ತಿಟ್ಟರೆ ಅದು ಎಷ್ಟೋ ಸಲ ತಪ್ಪಿಹೋಗುತ್ತದೆ. ಆಫೀಸಿನ ದಾರಿ ತಪ್ಪುವುದಿಲ್ಲ. ಅದಕ್ಕೇ ಇದು ನನಗೆ ಇಷ್ಟು ಹಿಡಿಸಿರುವುದು.

ವರ್ಷಪೂರ್ತಿ ಓಡಿಸಬಹುದಾ? ಧಾರಾಳವಾಗಿ. ಮಳೆಗೆ ಮಡ್‌ಗಾರ್ಡ್, ದೀಪ, ಒಳ್ಳೆಯ ಟೈರ್ ಬೇಕು. ಈ ಸೈಕಲ್ ಭಾರ ಜಾಸ್ತಿ, ಒದ್ದೆ ರಸ್ತೆಯಲ್ಲಿ ಬ್ರೇಕ್ ಸ್ವಲ್ಪ ಮೊದಲೇ ಹಿಡಿಯಿರಿ. ತೊಳೆಯಲು ಪ್ರೆಶರ್ ವಾಷರ್ ಬೇಡವೇ ಬೇಡ. ಚಳಿ ಜೋರಾದರೆ ಲಿಥಿಯಂ ಬ್ಯಾಟರಿ ಬೇಗ ಇಳಿಯುತ್ತದೆ. 0 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಚಾರ್ಜ್ ಮಾಡಿದರೆ ಹಾಳಾಗುತ್ತದೆ. ಬ್ಯಾಟರಿ ಬಿಚ್ಚಿ ಒಳಗೆ ತನ್ನಿ, ಅದರ ತಣುಪು ಬಿಟ್ಟ ಮೇಲೆ ಚಾರ್ಜಿಗೆ ಹಾಕಿ.