ಚೀಟಿ ಇಡದೆ ಹೋದ್ರೆ ಲೈಸೆನ್ಸ್ ಹೋಗುತ್ತೆ ತಾತ

ಕಳೆದ ವಾರ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಫ್ರೀಮಾಂಟಿನ ಒಂದು ಪಾರ್ಕಿಂಗ್ ಜಾಗದಲ್ಲಿ ಪಕ್ಕದ ಮನೆಯವರು ರಿವರ್ಸ್ ತೆಗೆಯುವಾಗ ಅವರ ಕಾರು ಇನ್ನೊಂದು ಕಾರಿನ ಬಂಪರ್‌ಗೆ ಉಜ್ಜಿತು. ಆ ಕಾರಿನವರು ಅಲ್ಲಿರಲಿಲ್ಲ. ಊರಿಂದ ಮಗನ ಮನೆಗೆ ಬಂದಿರುವ ಹಿರಿಯರು ಸುತ್ತ ನೋಡಿ, "ಯಾರೂ ನೋಡಿಲ್ಲ, ನಡಿ ಮಗಾ" ಅಂದರು. ಹಿಂದಿನ ಸೀಟಿನಲ್ಲಿದ್ದ ಎಂಟು ವರ್ಷದ ಮೊಮ್ಮಗಳು ಸೀಟ್ ಬೆಲ್ಟ್ ಬಿಚ್ಚುತ್ತಾ, "ಬೇಡ ತಾತ, ಚೀಟಿ ಇಡದೆ ಹೋದ್ರೆ ಅಪ್ಪನ ಲೈಸೆನ್ಸ್ ಹೋಗುತ್ತೆ" ಅಂದಳು. ಗುದ್ದಿದವರು ತಮ್ಮ ಹೆಸರು, ವಿಳಾಸ ಬರೆದು ಆ ಕಾರಿನ ಮೇಲೆ ಇಟ್ಟು ಹೋಗುವ ಚೀಟಿ ಅದು.

ಮಗು ಹೇಳಿದ್ದು ಅರ್ಧ ನಿಜ. ಇನ್ನರ್ಧ ಇಲ್ಲಿ ವರ್ಷಗಟ್ಟಲೆ ಗಾಡಿ ಓಡಿಸಿದ ನಮ್ಮವರಿಗೂ ಸರಿಯಾಗಿ ಗೊತ್ತಿರುವುದಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಹಿಟ್ ಅಂಡ್ ರನ್, ಅಂದರೆ ಗುದ್ದಿ ನಿಲ್ಲದೆ ಓಡುವುದು, ಎರಡು ಬಗೆ. ಬರೀ ವಸ್ತು ಹಾಳಾಗಿದ್ದರೆ ವಾಹನ ಸಂಹಿತೆಯ 20002ನೇ ಕಲಂ. ಯಾರಿಗಾದರೂ ಗಾಯವಾಗಿದ್ದರೆ, ಜೀವ ಹೋಗಿದ್ದರೆ 20001. ಗುದ್ದಿದ್ದು ಯಾರ ತಪ್ಪು ಎನ್ನುವುದು ಎರಡರಲ್ಲೂ ಲೆಕ್ಕಕ್ಕೆ ಬರುವುದಿಲ್ಲ. ತಪ್ಪೆಲ್ಲ ಎದುರಿನವರದ್ದೇ ಆಗಿದ್ದರೂ ನಿಲ್ಲದೆ ಹೋದವರ ಮೇಲೆ ಕೇಸು ಬೀಳುತ್ತದೆ.

ಮೊದಲನೆಯ ಬಗೆಗೆ 6 ತಿಂಗಳವರೆಗೆ ಜೈಲು, 1000 ಡಾಲರ್‌ವರೆಗೆ ದಂಡ, ಅಥವಾ ಎರಡೂ. ಲೈಸೆನ್ಸ್ ತಾನಾಗಿಯೇ ರದ್ದಾಗುವುದಿಲ್ಲ, ಆದರೆ ನ್ಯಾಯಾಧೀಶರು ಮನಸ್ಸು ಮಾಡಿದರೆ 6 ತಿಂಗಳವರೆಗೆ ಅಮಾನತಿನಲ್ಲಿಡಬಹುದು. ಇದರ ಜೊತೆಗೆ ಲೈಸೆನ್ಸ್ ಕೊಡುವ ಇಲಾಖೆಯಾದ ಡಿಎಂವಿಯ ದಾಖಲೆಯಲ್ಲಿ ತಪ್ಪಿನ ಲೆಕ್ಕಕ್ಕೆ 2 ಪಾಯಿಂಟ್ ಬೀಳುತ್ತದೆ. 12 ತಿಂಗಳಲ್ಲಿ 4, 24 ತಿಂಗಳಲ್ಲಿ 6, ಇಲ್ಲವೇ 36 ತಿಂಗಳಲ್ಲಿ 8 ಪಾಯಿಂಟ್ ಆದರೆ ಅಜಾಗರೂಕ ಚಾಲಕ ಎಂಬ ಹಣೆಪಟ್ಟಿ ಹಚ್ಚಿ ಡಿಎಂವಿಯೇ ಲೈಸೆನ್ಸ್ ಮೇಲೆ ಕ್ರಮ ಕೈಗೊಳ್ಳುತ್ತದೆ. ಅಂದರೆ ಒಂದು ಬಂಪರ್ ಉಜ್ಜಿ ಓಡಿದ್ದಕ್ಕೆ ವರ್ಷದ ಮಿತಿಯಲ್ಲಿ ಅರ್ಧ ಖಾಲಿ. ಸಿಗ್ನಲ್ ದಾಟಿದ 1 ಪಾಯಿಂಟನ್ನು ಟ್ರಾಫಿಕ್ ಸ್ಕೂಲಿಗೆ ಹೋಗಿ ಮರೆಮಾಡಬಹುದು, ಇದನ್ನು ಆಗುವುದಿಲ್ಲ. ಇನ್ಶೂರೆನ್ಸ್‌ನಲ್ಲಿ ಒಳ್ಳೆಯ ಚಾಲಕರಿಗೆ ಸಿಗುವ ಕನಿಷ್ಠ ಶೇ. 20ರ ರಿಯಾಯಿತಿಯೂ ಕೈಬಿಡುತ್ತದೆ.

ಎರಡನೆಯ ಬಗೆಯಲ್ಲಿ ಮಗುವಿನ ಮಾತು ಪೂರ್ತಿ ನಿಜ. ಗಾಯ ಮಾಡಿ ಓಡಿದ್ದು ಕೋರ್ಟಿನಲ್ಲಿ ಸಾಬೀತಾದರೆ ಡಿಎಂವಿ ಲೈಸೆನ್ಸ್ ರದ್ದು ಮಾಡಲೇಬೇಕು, ಅಲ್ಲಿ ದಯೆ ದಾಕ್ಷಿಣ್ಯಕ್ಕೆ ಜಾಗವಿಲ್ಲ. ಕನಿಷ್ಠ 1 ವರ್ಷ. ವರ್ಷ ಮುಗಿದ ಮಾತ್ರಕ್ಕೆ ಅದು ಮನೆಗೆ ಬರುವುದೂ ಇಲ್ಲ, ಇನ್ಶೂರೆನ್ಸ್ ಇದೆ ಎಂದು ತೋರಿಸುವ ಎಸ್‌ಆರ್-22 ಎಂಬ ಪ್ರಮಾಣಪತ್ರವನ್ನು ಇನ್ಶೂರೆನ್ಸ್ ಕಂಪನಿಯಿಂದ ಹಾಕಿಸಬೇಕು. ಸಾವು ಅಥವಾ ಶಾಶ್ವತ ಗಂಭೀರ ಗಾಯವಾಗಿದ್ದರೆ 4 ವರ್ಷದವರೆಗೆ ಸೆರೆವಾಸ, 10,000 ಡಾಲರ್‌ವರೆಗೆ ದಂಡ.

"ನನ್ನ ಹತ್ರ ಇಂಡಿಯಾ ಲೈಸೆನ್ಸ್ ಇದೆಯಲ್ಲ" ಅನ್ನುವವರಿದ್ದಾರೆ. ಇಲ್ಲಿ ರದ್ದಾಗುವುದು ಆ ರಾಜ್ಯದಲ್ಲಿ ಗಾಡಿ ಓಡಿಸುವ ಹಕ್ಕೇ ಹೊರತು ಕೈಯಲ್ಲಿರುವ ಕಾರ್ಡ್ ಅಲ್ಲ. ಇನ್ನೊಂದು ರಾಜ್ಯಕ್ಕೆ ಮನೆ ಬದಲಾಯಿಸಿದರೂ ಬಿಡುಗಡೆಯಿಲ್ಲ. ಬಹುತೇಕ ರಾಜ್ಯಗಳು ಸೇರಿರುವ ಲೈಸೆನ್ಸ್ ಒಪ್ಪಂದದಲ್ಲಿ, ಗಾಯಾಳುವನ್ನು ಬಿಟ್ಟು ಓಡಿದ್ದನ್ನು ತಮ್ಮಲ್ಲೇ ನಡೆದ ಅಪರಾಧದಂತೆ ನೋಡಬೇಕು ಎಂದಿದೆ. ವೀಸಾ, ಪೌರತ್ವದ ಅರ್ಜಿಗಳಲ್ಲೂ ಬಂಧನ, ಶಿಕ್ಷೆಗಳ ಪ್ರಶ್ನೆ ಎದುರಾಗುತ್ತದೆ.

ಇನ್ನು ಆ ಚೀಟಿ. ಬರೀ ಫೋನ್ ನಂಬರ್ ಗೀಚಿ "ಸಾರಿ" ಅಂತ ಬರೆದಿಟ್ಟರೆ ಸಾಲದು. ಓಡಿಸಿದವರ ಹೆಸರು, ವಿಳಾಸ, ಕಾರು ಬೇರೆಯವರದ್ದಾದರೆ ಮಾಲೀಕರ ಹೆಸರು, ವಿಳಾಸ, ಏನಾಯಿತು ಎಂಬ ಒಂದೆರಡು ಸಾಲು ಇರಬೇಕು. ವೈಪರ್ ಕೆಳಗೆ ಸಿಕ್ಕಿಸಿದ ಕಾಗದ ಗಾಳಿಗೆ ಹಾರುತ್ತದೆ, ಮಳೆಗೆ ಶಾಯಿ ಕದಡುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಆ ಕಾರಿನ ನಂಬರ್ ಪ್ಲೇಟ್ ಕಾಣುವ ಹಾಗೆ ಚೀಟಿಯ ಫೋಟೋ ತೆಗೆದುಕೊಳ್ಳಿ. ಹೆಚ್ಚಿನವರು ಎಡವುವುದು ಮುಂದಿನ ಹೆಜ್ಜೆಯಲ್ಲಿ: ಚೀಟಿ ಇಟ್ಟ ಮೇಲೆ ತಡಮಾಡದೆ ಪೊಲೀಸರಿಗೂ ತಿಳಿಸಬೇಕು. ನಷ್ಟ 1000 ಡಾಲರ್ ದಾಟಿದರೆ, ಇಲ್ಲವೇ ಯಾರಿಗಾದರೂ ಸಣ್ಣ ಗಾಯವಾಗಿದ್ದರೂ, 10 ದಿನದೊಳಗೆ ಡಿಎಂವಿಗೆ ಎಸ್‌ಆರ್-1 ಎಂಬ ಅಪಘಾತ ವರದಿಯ ಫಾರಂ ಕಳಿಸಬೇಕು. ಪೊಲೀಸ್ ರಿಪೋರ್ಟ್ ಅದರ ಬದಲಿಗೆ ನಡೆಯುವುದಿಲ್ಲ, ಖಾಸಗಿ ಪಾರ್ಕಿಂಗ್ ಎಂಬ ನೆಪವೂ ನಡೆಯುವುದಿಲ್ಲ. ಸೆನ್ಸರ್ ಇರುವ ಈಗಿನ ಬಂಪರ್‌ಗೆ 1000 ಡಾಲರ್ ಏನೇನೂ ಅಲ್ಲ. ಫಾರಂ ಕಳಿಸದೆ ಬಿಟ್ಟರೆ ಅದೊಂದೇ ಕಾರಣಕ್ಕೆ ಲೈಸೆನ್ಸ್ ಅಮಾನತಾಗಬಹುದು.

ಚೀಟಿ ಇಟ್ಟು ಹೊರಟ ಮೇಲೆ ತಾತ ಅಂದರಂತೆ: "ನಮ್ಮ ಕಡೆ ಹಿಂಗೆ ವಿಳಾಸ ಬರೆದಿಟ್ರೆ ಮನೆ ಹುಡುಕ್ಕೊಂಡು ಬಂದು ಹೊಡೀತಾರೆ."

ಆ ಭಯ ಸುಳ್ಳಲ್ಲ. ರಸ್ತೆಯಲ್ಲಿ ಒಂದು ಬೈಕ್ ಬಿದ್ದರೆ ಸಾಕು, ಯಾರ ತಪ್ಪು ಎಂದು ಕೇಳುವ ಮೊದಲೇ ಲಾರಿಯ ಗಾಜು ಪುಡಿಯಾಗಿರುತ್ತದೆ. ನಮ್ಮ ಮೋಟಾರು ವಾಹನ ಕಾಯ್ದೆಗೂ ಅದು ಗೊತ್ತು. ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು ಚಾಲಕನ ಹೊಣೆ ಎನ್ನುವ 134ನೇ ಕಲಂ, ಉದ್ರಿಕ್ತ ಗುಂಪಿನ ಕಾರಣಕ್ಕೆ ಸಾಧ್ಯವಾಗದಿದ್ದರೆ ಎಂಬ ವಿನಾಯಿತಿಯನ್ನೂ ಬರೆದಿಟ್ಟಿದೆ. ಜನರ ಸಿಟ್ಟನ್ನು ಮಳೆ, ಪ್ರವಾಹದ ಹಾಗೆ ಒಪ್ಪಿಕೊಂಡು ಕಾಯ್ದೆ ಬರೆಯಬೇಕಾಯಿತಲ್ಲ ಎನ್ನುವುದು ನೋವಿನ ವಿಷಯ. ಆದರೆ ಪೊಲೀಸರಿಗೆ ತಿಳಿಸುವ ಹೊಣೆ ಅಷ್ಟಕ್ಕೇ ಮುಗಿಯುವುದಿಲ್ಲ. ಜಾಗ ಬಿಟ್ಟು ಓಡಿದ ಚಾಲಕ ಹತ್ತಿರದ ಠಾಣೆಗೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ಹೋಗಿ ಹೇಳಲೇಬೇಕು.

ಹೇಳದಿದ್ದರೆ? 187ನೇ ಕಲಮಿನಲ್ಲಿ, 2019ರ ತಿದ್ದುಪಡಿಯ ನಂತರವೂ, ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು, 5000 ರೂಪಾಯಿ ದಂಡ, ಅಥವಾ ಎರಡೂ. ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ, ಸಾವಾದ ಮೇಲೆ ತಿಳಿಸದೆ ಓಡಿದವರಿಗೆ 10 ವರ್ಷದವರೆಗೆ ಶಿಕ್ಷೆ ಎಂದಿತ್ತು. 2024ರ ಜನವರಿಯಲ್ಲಿ ಲಾರಿ ಚಾಲಕರು ಮುಷ್ಕರ ಹೂಡಿದರು. ಆ ಜುಲೈ 1ರಂದು ಸಂಹಿತೆ ಜಾರಿಗೆ ಬಂದಾಗ ಈ ಭಾಗವನ್ನು ಮಾತ್ರ ಹೊರಗಿಟ್ಟರು. ಲಾರಿ ಚಾಲಕರ ಭಯ ನಿಜವೇ. ಆದರೆ ರಸ್ತೆಯ ಅಂಚಿನಲ್ಲಿ ಬಿದ್ದವನ ಪರವಾಗಿ ಮುಷ್ಕರ ಹೂಡಲು ಯಾರಿದ್ದಾರೆ?

ಬಿದ್ದವರಿಗೆ ಕಾಯ್ದೆಯಲ್ಲಿ ಒಂದು ದಾರಿ ಇದೆ, ಊರಿನಲ್ಲಿ ಕೇಳುವವರು ಕಡಿಮೆ. ಗುದ್ದಿದ ವಾಹನ ಪತ್ತೆಯಾಗದಿದ್ದರೆ 2022ರ ಏಪ್ರಿಲ್ 1ರಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಪರಿಹಾರ. ಮೊದಲು ಇದು 25,000 ಮತ್ತು 12,500 ಇತ್ತು. ಅರ್ಜಿ ಕೊಡಬೇಕಾದ್ದು ಅಪಘಾತ ನಡೆದ ತಾಲ್ಲೂಕಿನ ವಿಚಾರಣಾಧಿಕಾರಿಗೆ, ಅಂದರೆ ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರಿಗೆ. ಮಂಜೂರು ಮಾಡುವವರು ಜಿಲ್ಲಾಧಿಕಾರಿ. ಎಫ್‌ಐಆರ್ ಪ್ರತಿ, ಮರಣೋತ್ತರ ಅಥವಾ ಗಾಯದ ವರದಿ, ಗುರುತಿನ ಚೀಟಿ, ಬ್ಯಾಂಕ್ ಪಾಸ್‌ಬುಕ್ ಪ್ರತಿ ಜೊತೆಗಿರಲಿ. ಎಫ್‌ಐಆರ್ ಬರೆಸುವಾಗಲೇ ವಾಹನ ಅಪರಿಚಿತ ಎಂದು ಸ್ಪಷ್ಟವಾಗಿ ದಾಖಲಾಗಿದೆಯೇ ಎಂದು ಓದಿಸಿ ಕೇಳಿ. ಮುಂದೆ ಆ ವಾಹನ ಸಿಕ್ಕಿ ಬೇರೆ ಪರಿಹಾರ ಬಂದರೆ ಈ ಮೊತ್ತವನ್ನು ಅದರಿಂದ ಮರಳಿಸಬೇಕಾಗುತ್ತದೆ.