ಒಂದ್ ಕಿಲೋಮೀಟರ್ ಟಾರ್ಚು

ಇವತ್ತು ಕಾರಲ್ಲಿ ಇಡೋಕೆ ಟಾರ್ಚ್ ನೋಡ್ತಿದ್ದೆ, ಅಂಗಡಿಯವ್ರು "ಸಾರ್ ಇದು ಒಂದ್ ಕಿಲೋಮೀಟರ್ ಹೊಡಿಯತ್ತೆ" ಅಂತ ತೋಳುದ್ದದ್ದೊಂದನ್ನ ಕೈಗಿಟ್ರು.

ಅಲ್ಲ ಗುರೂ, ಪಂಚರ್ ಆಗಿರೋ ಚಕ್ರ ಇರೋದು ಒಂದಡಿ ದೂರದಲ್ಲಿ! ಶಿರಾಡಿ ಘಾಟಲ್ಲಿ ಮಳೆ ಬೇರೆ ಹೊಡೀತಿರುವಾಗ ಒಂದ್ ಕೈಲಿ ಇದನ್ನ ಹಿಡ್ಕೊಂಡು ಇನ್ನೊಂದ್ ಕೈಲಿ ವೀಲ್ ಸ್ಪ್ಯಾನರ್ ತಿರುಗಿಸೋಕಾಗತ್ತಾ.

ತಲೆಗೆ ಕಟ್ಕೊಳ್ಳೋ ಹೆಡ್‌ಲ್ಯಾಂಪೇ ತಗೊಂಡೆ. ಸೆಲ್ ಮಾತ್ರ ಬಿಚ್ಚಿ ಪಕ್ಕದಲ್ಲಿಟ್ಟಿದೀನಿ, ಬಿಸಿಲಲ್ಲಿ ನಿಂತ ಕಾರಲ್ಲಿ ಲೀಕಾದ್ರೆ ಸ್ಪ್ರಿಂಗಿಗೆಲ್ಲ ಬಿಳಿ ಪುಡಿ ಹಿಡಿಯತ್ತೆ.

ಬಾಗಿಲು ತೆಗೀದೆ ಒಳಗೇ ಸಿಕ್ಕಾಕೊಂಡ್ರೆ ಗಾಜು ಒಡಿಯೋ ಸುತ್ತಿಗೆನೂ ಬಂತು. ಅದನ್ನ ಸೈಡ್ ಗ್ಲಾಸಿನ ಮೂಲೆಗೆ ಹೊಡೀಬೇಕು, ಮುಂದಿನದು ಲ್ಯಾಮಿನೇಟೆಡ್, ಬಿರುಕು ಬಿಡತ್ತೆ ಹೊರತು ದಾರಿ ಬಿಡಲ್ಲ. ಡಿಕ್ಕಿಲಿಟ್ರೆ ಪ್ರಯೋಜನ ಇಲ್ಲ, ಡ್ರೈವರ್ ಕೈಗೆಟುಕ್ಬೇಕು.

ಆದ್ರೆ ಗಾಡಿ ಕೆಟ್ಟು ನಿಂತಿದೆ ಅಂತ ಹಿಂದೆ ಬರೋರಿಗೆ ತೋರ್ಸೋಕೆ ಕಾರ್ ಜೊತೆನೇ ಬರೋ ಕೆಂಪು ತ್ರಿಕೋನ ಇದೆಯಲ್ಲ, ಅದರ ಕವರ್ ಬಿಚ್ಚಿದವ್ರೇ ಕಮ್ಮಿ. ನಮ್ಮಲ್ಲಿ ಗಾಡಿ ಕೆಟ್ರೆ ರೋಡಿಗೆ ಸೊಪ್ಪು, ಕಲ್ಲು. ರಿಪೇರಿ ಆಗಿ ಗಾಡಿ ಹೊರಟೋಗತ್ತೆ, ಕಲ್ಲು ಅಲ್ಲೇ ಕೂತಿರತ್ತೆ, ಕತ್ತಲಲ್ಲಿ ಬರೋ ಬೈಕಿನವ್ನ ಗತಿ ಏನ್ರಪ್ಪಾ? ತ್ರಿಕೋನನ ಒಂದು 50 ಮೀಟರ್ ಹಿಂದೆ ಇಡಿ, ಘಾಟಲ್ಲಾದ್ರೆ ತಿರುವಿಗಿಂತ ಮುಂಚೆನೇ.

ನಿಮ್ ಕಾರಲ್ಲಿ ಅದು ಎಲ್ಲಿದೆ, ಗೊತ್ತಾ? ನಮ್ದು ಸ್ಟೆಪ್ನಿ ಕೆಳಗೆ ಸಿಕ್ತು.